ಗೊರಿಲ್ಲಾ ಇಲ್ಲದ ಕಾಡಿನಿಂದ

ಮಂಜಾ,

ಸಿಂಹದ ಫೋಟೊ ಎಲ್ಲಿ ಅಂತ ಮತ್ತೆ ಕೇಳಬೇಡ ಮಾರಾಯ. ಈ ಸಲ ಒಂದು ಬೂದು ಹಕ್ಕಿಯ ಸುದ್ದಿ. ಹೆಸರು ಚಾಪಿನ್ ನೊಣಹಿಡುಕ. ಗುಬ್ಬಚ್ಚಿಗಿಂತ ಚಿಕ್ಕದು.

ಕೀನ್ಯಾದ ಕಿಸುಮು ಊರಿನಿಂದ ಮಟಾಟು ಅನ್ನೋ ಬಾಡಿಗೆ ವ್ಯಾನ್ ಹತ್ತಿ ಕಾಕಮೇಗ ಕಾಡಿಗೆ ಹೋಗಿದ್ದೆ. ಆ ಕಾಡಿನ ಇಸೆಚೆನೊದಲ್ಲಿ ಗೈಡ್ ಮರದ ತುದಿಗೆ ಕೈ ತೋರಿಸಿದ. ಮೊದಲು ಎಲೆ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಬೂದು ಬೆನ್ನು, ಸ್ವಲ್ಪ ತಿಳಿ ಬಣ್ಣದ ಗಂಟಲು. ಕೊಕ್ಕಿನ ಎರಡೂ ಕಡೆ ಹುಳದ ರೆಕ್ಕೆ ಚಾಚಿಕೊಂಡಿತ್ತು. ತಲೆ ಕೊಡವಿ ನುಂಗಿತು, ಮತ್ತೆ ಸುಮ್ನೆ ಕೂತಿತು.

1932ರಲ್ಲಿ ಕಾಂಗೋದ ಲೆಂಡು ಪ್ರಸ್ಥಭೂಮಿಯ ಈ ಹಕ್ಕಿಯನ್ನು ಲೋಕಕ್ಕೆ ಪರಿಚಯಿಸಿದ್ದು ಅಮೆರಿಕದ ಪಕ್ಷಿತಜ್ಞ ಜೇಮ್ಸ್ ಚಾಪಿನ್. ನಾಲ್ಕು ವರ್ಷದ ನಂತರ ನಮ್ಮ ನವಿಲಿನ ದಾಯಾದಿ ಕಾಂಗೋ ನವಿಲನ್ನೂ ಅವರೇ ಪರಿಚಯಿಸಿದರು. ಕೀರ್ತಿ ಬಂದದ್ದು ನವಿಲಿಗೆ. ಈ ಬೂದು ಹಕ್ಕಿ ಉಳಿದಿರುವುದು ಕಾಂಗೋ, ಉಗಾಂಡ, ಕೀನ್ಯಾದ ಬೆರಳೆಣಿಕೆಯ ಬೆಟ್ಟದ ಕಾಡುಗಳಲ್ಲಿ.

ಉಗಾಂಡದ ಬ್ವಿಂಡಿ ಕಾಡಿನಲ್ಲಿ ಗೊರಿಲ್ಲಾ ಇವೆ. ಅವನ್ನು ನೋಡಲು ಹೊರದೇಶದವರು 800 ಡಾಲರ್ ಕೊಡುತ್ತಾರೆ. ಆ ದುಡ್ಡಿನ ನೆರಳಲ್ಲಿ ಈ ಹಕ್ಕಿಗೂ ಮರ ಉಳಿದಿದೆ. ಕಾಕಮೇಗದಲ್ಲಿ ಗೊರಿಲ್ಲಾ ಇಲ್ಲ. ಸುತ್ತ ಮೆಕ್ಕೆಜೋಳ, ಕಬ್ಬು, ಚಹಾ. ಒಳಗಿನಿಂದ ಹೆಂಗಸರು ಸೌದೆ ಹೊರೆ ಹೊತ್ತು ಬರುತ್ತಾರೆ. ಅವರನ್ನು ಬೈಯಲು ನನಗೆ ಬಾಯಿ ಬರಲ್ಲ. ಅವರ ಮನೆಯಲ್ಲೂ ಒಲೆ ಉರಿಯಬೇಕಲ್ವಾ? ಆದರೆ ಈ ಹಕ್ಕಿಗೆ ಬೇಕಾದ ಹಳೇ ಮರವೂ ಹೀಗೇ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ನೋಡಲು ಚೆಂದವಿಲ್ಲ ಅಂತ ಒಂದು ಜೀವದ ಪರವಾಗಿ ಯಾರೂ ದುಡ್ಡು ಬಿಚ್ಚದಿದ್ದರೆ ಅದು ಅನ್ಯಾಯ. ಬೇರೆ ಮಾತು ನನಗೆ ಗೊತ್ತಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಏನಾಯಿತು ಅಂತ ಸುಮಾ ಕೇಳಿದಳು. ಆಫೀಸಿನ ತಲೆನೋವು ಅಂದೆ. ನಿಜ ಹೇಳಲಾ? ನಮಗೆ ಮಕ್ಕಳಾಗಲ್ಲ ಅಂತ ಡಾಕ್ಟರ್ ಹೇಳಿದ ದಿನ ನಾನು ಅತ್ತಿರಲಿಲ್ಲ. ಈ ಹಕ್ಕಿ ನೋಡಿದ ರಾತ್ರಿ ಅತ್ತೆ. ನಾಳೆ ಯಾರಿಗೆ ತೋರಿಸಲಿ ಇದನ್ನು ಅನ್ನಿಸಿತು. ಎರಡೂ ದುಃಖ ಯಾವಾಗ ಕೂಡಿಕೊಂಡವೋ.

ಸಾಕು ಬಿಡು, ಇದನ್ನು ಊರೆಲ್ಲ ಓದುತ್ತದೆ. ಸುಮಾನೂ ಓದುತ್ತಾಳೆ, ಓದಲಿ. ನೀನು ಮಾತ್ರ ಜನವರಿಯಲ್ಲಿ ಬಾ, ಮಳೆ ಕಡಿಮೆ ಇರುತ್ತೆ. ಅತ್ತೆ ಮಾಡಿದ ಹುಳಿಪುಡಿ ಜಾಸ್ತಿನೇ ತಾ. ಆ ಹಳದಿ ಟೋಪಿ ಮಾತ್ರ ಬೇಡ, ಕೆಮ್ಮಣ್ಣುಗುಂಡಿಯಲ್ಲಿ ಆಗಿದ್ದೇ ಸಾಕು!

ನಿನ್ನ,
ಶೀನ