ಪುಕ್ಕಟೆ ಲಿಂಕ್ ಸಾಕು ಎನ್ನುವವರಿಗೆ ಒಬ್ಬ ಖಜಾಂಚಿಯ ಉತ್ತರ

ಮಾನ್ಯ ಸಂಪಾದಕರೇ,

ದೇವರು, ಧರ್ಮದ ಆಸರೆ ಇಲ್ಲದೆಯೂ ಒಳ್ಳೆಯ ಬದುಕು ಸಾಧ್ಯ ಎನ್ನುವ ಮಾನವತಾವಾದಿ ಬಳಗಗಳು ದೇಣಿಗೆ ಕೇಳುವ ಬಗ್ಗೆ ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದ ಪತ್ರ ಓದಿದೆ. ದೇವರ ಹೆಸರಲ್ಲಿ ದುಡ್ಡು ಎತ್ತುವುದನ್ನು ಟೀಕಿಸಿದವರೇ ಈಗ ಡಬ್ಬಿ ಹಿಡಿದು ನಿಂತಿದ್ದಾರೆ ಎಂಬುದು ಅವರ ಮೊದಲ ಮಾತು. ಕೋವಿಡ್ ಕಾಲದಲ್ಲಿ ಸಭೆಗಳೆಲ್ಲ ಆನ್‌ಲೈನ್‌ನಲ್ಲಿ ಪುಕ್ಕಟೆ ನಡೆದವಲ್ಲ, ಈಗೇಕೆ ದುಡ್ಡು ಎಂಬುದು ಎರಡನೆಯದು. ನಾನು ಅಂಥದ್ದೇ ಒಂದು ಸಣ್ಣ ಬಳಗದ ಖಜಾಂಚಿ. ಓದಿ ಕೋಪವೇನೂ ಬರಲಿಲ್ಲ. ಈ ಎರಡೂ ಮಾತನ್ನು ನಮ್ಮ ಸದಸ್ಯರ ಬಾಯಲ್ಲೇ ಬೇಕಾದಷ್ಟು ಸಲ ಕೇಳಿದ್ದೇನೆ.

ಮೊದಲು ಆ 'ಪುಕ್ಕಟೆ'ಯ ಕಥೆ ಹೇಳುತ್ತೇನೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆಯಿತು. ಸ್ವಲ್ಪ ದಿನದಲ್ಲೇ ನಮ್ಮ ಸಭಾಂಗಣದ ಬಾಗಿಲು ಮುಚ್ಚಿತು. ಮುಂದಿನ ವಾರವೇ ವೀಡಿಯೊ ಸಭೆ ಶುರುವಾಯಿತು. ಆ ಸೇವೆಯ ವರ್ಷದ ಶುಲ್ಕವನ್ನು ಒಬ್ಬ ಸದಸ್ಯರು ಕೈಯಿಂದ ಕಟ್ಟಿದರು, ಯಾರಿಗೂ ಹೇಳಲಿಲ್ಲ. ಇನ್ನೊಬ್ಬರು ಪ್ರತಿ ವಾರ ಮೂರು ಗಂಟೆ ಕೂತು ಲಿಂಕ್ ಕಳಿಸುವುದು, ಮೈಕ್ ಆಫ್ ಮಾಡಿಸುವುದು, ವಯಸ್ಸಾದವರಿಗೆ ಫೋನಿನಲ್ಲಿ 'ಆ ಬಟನ್ ಅಲ್ಲ, ಅದರ ಪಕ್ಕದ್ದು' ಎಂದು ಹೇಳಿಕೊಡುವುದು ಮಾಡಿದರು. ನೋಡುವವರಿಗೆ ಅದು ಪುಕ್ಕಟೆ. ಖರ್ಚು ಇತ್ತು, ಲೆಕ್ಕದ ಪುಸ್ತಕಕ್ಕೆ ಬರಲಿಲ್ಲ, ಅಷ್ಟೇ.

ಅದೇ ಹೊತ್ತಿಗೆ ಎಷ್ಟೋ ಸದಸ್ಯರ ಕೆಲಸ ಹೋಗಿತ್ತು. ಹಾಗಾಗಿ ಸದಸ್ಯತ್ವ ಶುಲ್ಕ ಬೇಡ ಎಂದೆವು. ಅದು ಸರಿಯಾದ ತೀರ್ಮಾನ, ಅಂಥ ಕಾಲ ಮತ್ತೆ ಬಂದರೂ ಅದನ್ನೇ ಮಾಡುತ್ತೇನೆ. ತಪ್ಪಾಗಿದ್ದು ಆಮೇಲೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಎಂದಿತು. ಸಭಾಂಗಣ ಅದಕ್ಕೂ ಮುಂಚೆಯೇ ತೆರೆದಿತ್ತು, ಬಾಡಿಗೆಯೂ ಮೊದಲಿನಂತೆ ಶುರುವಾಗಿತ್ತು. ಆದರೆ 'ಇನ್ನು ಮೇಲೆ ಶುಲ್ಕ ಕೊಡಿ' ಎಂದು ಹೇಳುವ ಧೈರ್ಯ ಸಮಿತಿಯಲ್ಲಿ ಯಾರಿಗೂ ಬರಲಿಲ್ಲ. ನನಗಂತೂ ಮೊದಲೇ ಇಲ್ಲ. ಒಂದು ವರ್ಷ ಸುಮ್ನೆ ಆಪದ್ಧನ ಕರಗಿಸಿಕೊಂಡು ಕೂತೆವು.

ಇದರ ಜೊತೆಗೆ ಒಂದು ಪೆದ್ದು ಕೆಲಸವನ್ನೂ ಒಪ್ಪಿಕೊಳ್ಳಬೇಕು. ಕೆಲವರು ಕೋವಿಡ್‌ಗೂ ಮುಂಚಿನಿಂದ ಕಾರ್ಡ್ ಮೂಲಕ ತಿಂಗಳು ತಿಂಗಳು ದೇಣಿಗೆ ಕೊಡುತ್ತಿದ್ದರು. ಅವರ ಕಾರ್ಡ್‌ಗಳ ಅವಧಿ ಒಂದೊಂದಾಗಿ ಮುಗಿಯಿತು, ಹಣ ಬರುವುದು ನಿಂತಿತು. ಅವರು ಕೊಡುತ್ತಲೇ ಇದ್ದೇವೆ ಎಂದುಕೊಂಡಿದ್ದರು. ನಾವು ಅವರು ನಿಲ್ಲಿಸಿದರು ಎಂದುಕೊಂಡೆವು, ಪಾಪ ಏನು ಕಷ್ಟವೋ ಎಂದು ಕೇಳಲಿಲ್ಲ. ಕೊನೆಗೆ ಒಂದು ಸಂಜೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಹೆಚ್ಚಿನವರು 'ಅಯ್ಯೋ, ನಿಂತು ಹೋಗಿದೆಯಾ?' ಎಂದರು. ಸಣ್ಣ ಬಳಗ ನಡೆಸುವವರು ಬೇರೆ ಏನೂ ಮಾಡುವ ಮುಂಚೆ ಈ ಪಟ್ಟಿಯನ್ನೊಮ್ಮೆ ತೆಗೆದು ನೋಡಲಿ.

ಇನ್ನು, ಇಂಥ ಬಳಗ ಇದ್ದರೆಷ್ಟು, ಬಿಟ್ಟರೆಷ್ಟು ಎಂಬ ಪ್ರಶ್ನೆ. ವಿಚಾರ ಕೇಳುವುದಕ್ಕೆ ಬಳಗ ಬೇಕಿಲ್ಲ, ಒಪ್ಪುತ್ತೇನೆ. ಒಳ್ಳೆಯ ಭಾಷಣ ಫೋನಿನಲ್ಲೇ ಸಿಗುತ್ತದೆ. ಆದರೆ ಸಾಂಕ್ರಾಮಿಕದ ಮೊದಲ ವರ್ಷ ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ಒಬ್ಬರೇ ಇದ್ದವರು. ಬಂಧುಗಳು ಬರುವ ಹಾಗಿರಲಿಲ್ಲ. ಧಾರ್ಮಿಕ ವಿಧಿ ಬೇಡ ಎಂದು ಬರೆದಿಟ್ಟಿದ್ದರು. ವಿಧಿ ಬೇಡ ಎಂದರೆ ಏನೂ ಬೇಡ ಎಂದಲ್ಲವಲ್ಲ. ನಮ್ಮಲ್ಲಿ ಅಂತಿಮ ವಿದಾಯ ನಡೆಸಿಕೊಡುವ ತರಬೇತಿ ಪಡೆದ ಒಬ್ಬರಿದ್ದರು. ಅವರು ಎರಡು ದಿನ ಫೋನಿನಲ್ಲಿ ಆ ಹಿರಿಯರ ಗೆಳೆಯರನ್ನೆಲ್ಲ ಮಾತಾಡಿಸಿದರು. ಅವರ ಬದುಕನ್ನು ಇಪ್ಪತ್ತು ನಿಮಿಷದ ಮಾತಾಗಿ ಕಟ್ಟಿದರು. ಸ್ಥಳದಲ್ಲಿ ಬೆರಳೆಣಿಕೆಯ ಜನ, ಪರದೆಯ ಮೇಲೆ ನಾವೆಲ್ಲ. ಕೊನೆಗೆ ಯಾರೂ ಕರೆ ಕತ್ತರಿಸಲಿಲ್ಲ. ಹತ್ತು ನಿಮಿಷ ಎಲ್ಲರೂ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದೆವು.

ಆ ತರಬೇತಿಗೆ ಐದು ವರ್ಷ ಮುಂಚೆ ಹಣ ಕೊಟ್ಟವರು ಯಾರು? ತಿಂಗಳಿಗೆ ಸಣ್ಣ ಮೊತ್ತ ಕೊಡುತ್ತಿದ್ದ, ಇಂಥದ್ದೊಂದು ದಿನ ಬರುತ್ತದೆ ಎಂದು ಗೊತ್ತೇ ಇರದ ಸದಸ್ಯರು. ಪತ್ರ ಬರೆದ ಓದುಗರಿಗೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಇದೇನು ಹೊಸದಾಗಿ ಹುಟ್ಟಿದ ಸಂಕಟವಲ್ಲ. ಫೀಲಿಕ್ಸ್ ಆಡ್ಲರ್ ನ್ಯೂಯಾರ್ಕ್‌ನಲ್ಲಿ, ನಮ್ಮ ಮಾನವತಾವಾದಕ್ಕೆ ಹತ್ತಿರದ 'ಎಥಿಕಲ್ ಕಲ್ಚರ್' (ನೈತಿಕ ಸಂಸ್ಕೃತಿ) ಚಳವಳಿ ಶುರು ಮಾಡಿದ್ದು 1876ರಲ್ಲಿ. ಯಾರು ಏನು ನಂಬಿದರೂ ಸರಿ, ಒಳ್ಳೆಯ ನಡತೆ ಮುಖ್ಯ ಎಂಬುದು ಅವರ ನಿಲುವು. ಅವರು ಬರೀ ಭಾಷಣ ಮಾಡುತ್ತಾ ಕೂರಲಿಲ್ಲ. ಬಡ ರೋಗಿಗಳ ಮನೆಗೆ ನರ್ಸ್‌ಗಳನ್ನು ಕಳಿಸಿದರು, ದುಡಿಯುವವರ ಮಕ್ಕಳಿಗೆ ಶುಲ್ಕವಿಲ್ಲದ ಶಿಶುವಿಹಾರ ತೆರೆದರು. ಇದಕ್ಕೆಲ್ಲ ದುಡ್ಡು ಬೇಕಿತ್ತು, ಕೇಳಿದರು, ಜನ ಕೊಟ್ಟರು. ಸ್ವಂತ ಸಭಾಭವನ ಆಗುವ ಹೊತ್ತಿಗೆ 1910 ಆಗಿತ್ತು. ಮೊದಲು ಕೆಲಸ ಕಾಣಿಸಿತು, ಕಟ್ಟಡ ಆಮೇಲೆ ಬಂತು. ಈ ಕ್ರಮ ನನಗೆ ಇಷ್ಟ.

ಕೆಲವು ದೇಶಗಳಲ್ಲಿ ಸರ್ಕಾರವೇ ಕೈ ಹಿಡಿಯುತ್ತದೆ. ನಾರ್ವೆಯಲ್ಲಿ ಧಾರ್ಮಿಕ ಸಂಸ್ಥೆಗಳಿಗೆ ಕೊಡುವಂತೆಯೇ ಮಾನವತಾವಾದಿ ಸಂಘಕ್ಕೂ ಸದಸ್ಯರ ಸಂಖ್ಯೆ ನೋಡಿ ಅನುದಾನ ಕೊಡುತ್ತಾರೆ. 1956ರಲ್ಲಿ ಶುರುವಾದ ಅಲ್ಲಿನ ಸಂಘಕ್ಕೆ ಈಗ ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದಾರೆ. ಬೆಲ್ಜಿಯಂ 1993ರಲ್ಲಿ ಸಂವಿಧಾನವನ್ನೇ ತಿದ್ದಿ, ಧರ್ಮಾತೀತ ಆಪ್ತಸಲಹೆಗಾರರ ಸಂಬಳವನ್ನು ಸರ್ಕಾರದ ಖಜಾನೆಯಿಂದ ಕೊಡಲು ದಾರಿ ಮಾಡಿತು. ಸ್ಕಾಟ್ಲೆಂಡಿನಲ್ಲಿ 2005ರಿಂದ ಮಾನವತಾವಾದಿ ಮದುವೆಗಳಿಗೆ ಕಾನೂನಿನ ಮಾನ್ಯತೆ ಇದೆ, ನಡೆಸಿಕೊಡುವುದಕ್ಕೆ ಶುಲ್ಕವೂ ಬರುತ್ತದೆ. ಲಂಡನ್ನಿನಲ್ಲಿ ಇಂಥವರದೇ ಸಭಾಭವನವಾದ ಕಾನ್ವೇ ಹಾಲ್ 1929ರಲ್ಲಿ ತೆರೆಯಿತು, ಅಲ್ಲಿ ಕೊಠಡಿ ಬಾಡಿಗೆಗೆ ಕೊಟ್ಟು ಆದಾಯ ಮಾಡಿಕೊಳ್ಳುತ್ತಾರೆ. ಒಂದೊಂದೂ ಒಳ್ಳೆಯ ದಾರಿಯೇ. ಆದರೆ ಮದುವೆ ನಿಂತರೆ ಮದುವೆಯ ಶುಲ್ಕ ನಿಂತಿತು, ಬಾಗಿಲು ಮುಚ್ಚಿದರೆ ಬಾಡಿಗೆ ನಿಂತಿತು. ಸಾಂಕ್ರಾಮಿಕ ಹೊಡೆದದ್ದು ಸರಿಯಾಗಿ ಅಲ್ಲಿಗೇ. ಸರ್ಕಾರದ ಅನುದಾನವೂ ಇಲ್ಲದ, ಕಟ್ಟಡವೂ ಇಲ್ಲದ ನಮ್ಮಂಥ ಸಣ್ಣ ಬಳಗಕ್ಕೆ ಉಳಿಯುವುದು ಸದಸ್ಯರ ಜೇಬು ಒಂದೇ.

ದೊಡ್ಡ ದಾನಿಯೊಬ್ಬರನ್ನು ಹಿಡಿಯಿರಿ ಎಂದು ಸಲಹೆ ಕೊಡುವವರಿದ್ದಾರೆ. ನಮಗೂ ಅಂಥವರೊಬ್ಬರು ಸಿಕ್ಕಿದ್ದರು. ಒಳ್ಳೆಯ ಮನುಷ್ಯ, ಬಾಯಿಬಿಟ್ಟು ಏನೂ ಕೇಳಿದವರಲ್ಲ. ಆದರೂ ಯಾವ ಭಾಷಣಕಾರರನ್ನು ಕರೆಯೋಣ ಎಂಬ ಮಾತು ಬಂದಾಗ ನಮ್ಮ ಕಣ್ಣುಗಳೆಲ್ಲ ತಾವಾಗಿಯೇ ಅವರ ಕಡೆ ತಿರುಗುತ್ತಿದ್ದವು. ಎಲ್ಲರೂ ಸಮಾನರು ಎನ್ನುವ ಬಳಗಕ್ಕೆ ಇದು ಸರಿ ಹೊಂದುವುದಿಲ್ಲ. ಅವರು ಬೇರೆ ಕಡೆ ಹೋದ ವರ್ಷ ನಮ್ಮ ಬಜೆಟ್ ಅರ್ಧವಾಯಿತು. ಸಂಸ್ಥೆಗಳು ಕೊಡುವ ಅನುದಾನದ ಕಥೆ ಬೇರೆ. ಮಕ್ಕಳ ಶಿಬಿರಕ್ಕೆ ಕೊಡುತ್ತಾರೆ, ವಿಚಾರ ಸಂಕಿರಣಕ್ಕೆ ಕೊಡುತ್ತಾರೆ. ಬಾಡಿಗೆ, ವಿಮೆ, ಲೆಕ್ಕಪರಿಶೋಧಕರ ಶುಲ್ಕ, ವಾರಕ್ಕೆ ಎರಡು ದಿನ ಬರುವ ಸಂಯೋಜಕಿಯ ಸಂಬಳ ಎಂದರೆ ಯಾರೂ ಕೊಡುವುದಿಲ್ಲ. ಶಿಬಿರ ನಡೆಸುವುದು ಆಕೆಯೇ ಅಲ್ವಾ?

ಹಾಗಾಗಿ ಹಳೆಯ ದಾರಿಗೇ ಬಂದೆವು. ಹೆಚ್ಚು ಜನ, ಸಣ್ಣ ಮೊತ್ತ, ಪ್ರತಿ ತಿಂಗಳು. ಜೂನ್ 21ರ ವಿಶ್ವ ಮಾನವತಾವಾದಿ ದಿನದಂದು ಉತ್ಸಾಹದಲ್ಲಿ ಒಮ್ಮೆ ದೊಡ್ಡದಾಗಿ ಕೊಟ್ಟು ಮರೆಯುವವರಿಗಿಂತ, ತಿಂಗಳು ತಪ್ಪದೆ ಚೂರು ಕೊಡುವವರು ಖಜಾಂಚಿಗೆ ನಿದ್ದೆ ಕೊಡುತ್ತಾರೆ. ಎಷ್ಟು ಬರುತ್ತದೆ ಎಂದು ಗೊತ್ತಿದ್ದರೆ ಬಾಡಿಗೆ ಕರಾರಿಗೆ ಸಹಿ ಹಾಕಬಹುದು. ಕೊಡಲಾಗದವರು ಕೊಡಬೇಕಿಲ್ಲ, ಸಭೆಯಲ್ಲಿ ಅವರ ವೋಟಿಗೂ ಅಷ್ಟೇ ಬೆಲೆ. ಯಾರು ಎಷ್ಟು ಕೊಟ್ಟರು ಎಂಬುದು ನನಗೆ ಮತ್ತು ಲೆಕ್ಕಪರಿಶೋಧಕರಿಗೆ ಮಾತ್ರ ಗೊತ್ತು. ದಾನಿಗಳ ಹೆಸರಿನ ಫಲಕ ಹಾಕೋಣ ಎಂದು ಒಬ್ಬರು ಹೇಳಿದರು. ಬೇಡ ಎಂದೆ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಕೇಳುವ ರೀತಿಯನ್ನೂ ಬದಲಿಸಿದೆವು. ಮೊದಲು 'ನಿಮ್ಮ ಸಹಕಾರ ಇರಲಿ' ಎಂದು ಮುಲುಗಿ ಕೂರುತ್ತಿದ್ದೆ. ಈಗ ಸಭೆಯ ನಡುವೆ ಎರಡೇ ನಿಮಿಷ ನಿಂತು ಮೂರು ಅಂಕಿ ಓದುತ್ತೇನೆ: ತಿಂಗಳ ಖರ್ಚು ಎಷ್ಟು, ಖಾಯಂ ಆಗಿ ಬರುವುದೆಷ್ಟು, ಆಪದ್ಧನ ಎಷ್ಟು ತಿಂಗಳಿಗೆ ಸಾಲುತ್ತದೆ. ಮೊದಲ ಸಲ ಓದಿದಾಗ ಸಭೆಯಲ್ಲಿ ಮೌನ. ನನ್ನ ಕೈ ನಡುಗುತ್ತಿತ್ತು. ಸಭೆ ಮುಗಿದ ಮೇಲೆ ಒಬ್ಬ ಹುಡುಗಿ ಬಂದು 'ಇಷ್ಟು ದಿನ ಯಾಕೆ ಸರ್ ಹೇಳಲಿಲ್ಲ? ನಿಮ್ಮ ಹತ್ತಿರ ಜಾಸ್ತಿ ದುಡ್ಡಿದೆ ಅಂದುಕೊಂಡಿದ್ದೆವು' ಎಂದಳು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ!

ಆನ್‌ಲೈನ್ ಸಭೆಯನ್ನು ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ಮನೆ ಬಿಟ್ಟು ಹೊರಡಲಾಗದವರು, ನಂಬಿಕೆ ಬಿಟ್ಟಿದ್ದನ್ನು ಮನೆಯವರಿಗೆ ಹೇಳಲಾಗದವರು, ದೂರ ಇರುವವರು ನಮಗೆ ಸಿಕ್ಕಿದ್ದೇ ಆ ಪರದೆಯ ಮೇಲೆ. ಆದರೆ ಅವರನ್ನು ನಾವು ನೋಡುಗರಂತೆ ನಡೆಸಿಕೊಂಡೆವು. ಸದಸ್ಯರಾಗಿ ಎಂದು ಕರೆಯಲೇ ಇಲ್ಲ. ಕರೆಯದೆ, ಅವರು ಕೊಡುವುದಿಲ್ಲ ಎಂದು ಗೊಣಗಿದೆವು. ಈಗ ಕರೆಯುತ್ತಿದ್ದೇವೆ. ಕಷ್ಟಕಾಲದಲ್ಲಿ ಒಬ್ಬೊಂಟಿಗರಿಗೆ ದಿನಾ ಫೋನ್ ಮಾಡುವ ಒಂದು ಸರಣಿ ನಡೆಸಿದ್ದೆವು. ಅದನ್ನು ಮತ್ತೆ ಶುರು ಮಾಡಲು ಮುಂದೆ ಬಂದವರು ಈ ದೂರದ ಸದಸ್ಯರೇ.

ಇನ್ನು ಡಬ್ಬಿಯ ಮಾತು. ಹಣ ಕೇಳುವುದನ್ನೇ ನಾವು ಎಂದೂ ಟೀಕಿಸಿಲ್ಲ. ಹೆದರಿಸಿ ಕೇಳುವುದನ್ನು, ಪುಣ್ಯ ಬರುತ್ತದೆ ಎಂದು ಆಸೆ ತೋರಿಸಿ ಕೇಳುವುದನ್ನು, ತೆಗೆದುಕೊಂಡ ಮೇಲೆ ಲೆಕ್ಕ ಕೊಡದಿರುವುದನ್ನು ಟೀಕಿಸಿದ್ದೇವೆ. ಧರ್ಮದ ಹೆಸರಲ್ಲಿ ಪ್ರಾಮಾಣಿಕವಾಗಿ ಲೆಕ್ಕ ಇಡುವವರು ಬೇಕಾದಷ್ಟು ಜನ ಇದ್ದಾರೆ, ಅವರಿಂದ ನಾವು ಕಲಿತದ್ದೂ ಇದೆ. ವಾರ ತಪ್ಪದೆ ಕೊಡುವ ಅಭ್ಯಾಸವನ್ನು ಅವರು ತಲೆಮಾರುಗಳಿಂದ ಬೆಳೆಸಿದ್ದಾರೆ. ನಾವು ಅದನ್ನು ಬೆಳೆಸಲೇ ಇಲ್ಲ. ನಮ್ಮವರು ಪುಸ್ತಕಕ್ಕೆ ಧಾರಾಳ, ಬಾಡಿಗೆಗೆ ಬಿಗಿ.

ಪತ್ರ ಬರೆದ ಓದುಗರು ನಮ್ಮ ಸಭೆಗೆ ಒಮ್ಮೆ ಬರಲಿ, ಪರದೆಯ ಮೇಲಾದರೂ ಸರಿ. ಲೆಕ್ಕದ ಕಡತ ಬಾಗಿಲ ಬಳಿಯ ಮೇಜಿನ ಮೇಲೇ ಇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಕಳೆದ ತಿಂಗಳ ಪುಟದಲ್ಲಿ ಕೂಡಿಸುವಾಗ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದವರು ಒಬ್ಬ ಹೊಸ ಸದಸ್ಯರು.

ಇಂತಿ ನಿಮ್ಮ ಓದುಗ,
ಮಾನವತಾವಾದಿ ಬಳಗವೊಂದರ ಖಜಾಂಚಿ