ಭಾನುವಾರದ ಚರ್ಚೆ: ನಟ ಎಡ್ಮಂಡ್ ಕೀನ್

ಮಾನ್ಯ ಸದಸ್ಯರೇ, ಈ ಭಾನುವಾರದ ಚರ್ಚೆಗೆ ಇಂಗ್ಲಿಷ್ ರಂಗಭೂಮಿಯ ನಟ ಎಡ್ಮಂಡ್ ಕೀನ್‌ನನ್ನು ಆರಿಸಿಕೊಳ್ಳಲಾಗಿದೆ. ಊರೂರು ಅಲೆಯುವ ತಂಡಗಳಲ್ಲಿ ವರ್ಷಗಟ್ಟಲೆ ಬಡತನ ಉಂಡ ಈತ, ಹಿರಿಯ ಮಗನನ್ನು ಕಳೆದುಕೊಂಡ ದುಃಖ ಆರುವ ಮುನ್ನವೇ, 1814ರ ಜನವರಿ 26ರಂದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಯೆಹೂದಿ ಲೇವಾದೇವಿಗಾರ ಶೈಲಾಕ್ ಆಗಿ ಕಾಣಿಸಿಕೊಂಡ. ಆ ಪಾತ್ರಕ್ಕೆ ಕೆಂಪು ಕೂದಲಿನ ವೇಷವೇ ರೂಢಿಯಾಗಿದ್ದ ಕಾಲದಲ್ಲಿ ಈತ ಕಪ್ಪು ಗಡ್ಡ ಕಟ್ಟಿಕೊಂಡು ಬಂದ. ಕೊರೆಯುವ ಚಳಿಗೆ ಪ್ರೇಕ್ಷಕರು ವಿರಳವಾಗಿದ್ದರೂ, ನಾಟಕ ಮುಗಿಯುವ ಹೊತ್ತಿಗೆ ಕೀನ್ ಗೆದ್ದಿದ್ದ.

ಕೀನ್ ಎಂದರೆ ಎಲ್ಲರೂ ಶೈಲಾಕ್‌ನನ್ನೇ ನೆನೆಯುತ್ತಾರೆ. ನನ್ನ ಮಟ್ಟಿಗೆ 1823ರಲ್ಲಿ ಆತ ಆಡಿದ ‘ಕಿಂಗ್ ಲಿಯರ್’ ಹೆಚ್ಚು ಮುಖ್ಯ: ನಾಟಕಕಾರ ನಹೂಮ್ ಟೇಟ್ 1681ರಲ್ಲಿ ತಿದ್ದಿ, ಲಿಯರ್ ದೊರೆಯ ಕಿರಿಯ ಮಗಳು ಕಾರ್ಡೀಲಿಯಾಳನ್ನು ಬದುಕಿಸಿ ಮದುವೆ ಮಾಡಿಸಿದ ಸುಖಾಂತ್ಯವೇ ಒಂದೂವರೆ ಶತಮಾನದಷ್ಟು ಕಾಲ ರಂಗದಲ್ಲಿ ನಡೆದುಬಂದಿದ್ದಾಗ, ಷೇಕ್ಸ್‌ಪಿಯರನ ದುರಂತ ಅಂತ್ಯವನ್ನು ಮರಳಿ ರಂಗಕ್ಕೆ ತಂದವನು ಕೀನ್.

ಕುಡಿತ ಅವನನ್ನು ತಿಂದಿತು. 1825ರ ವ್ಯಭಿಚಾರದ ದಾವೆಯಲ್ಲಿ 800 ಪೌಂಡ್ ಪರಿಹಾರ ತೆರಬೇಕಾಯಿತು. ಜನ ರಂಗದಲ್ಲೇ ಕೂಗಿ ಹೀಯಾಳಿಸಿದರು. 1833ರ ಮಾರ್ಚ್ 25ರಂದು ಕೋವೆಂಟ್ ಗಾರ್ಡನ್‌ನಲ್ಲಿ ಒಥೆಲೊ ಆಗಿ ಅಭಿನಯಿಸುತ್ತಿದ್ದಾಗ, ಇಯಾಗೊ ಪಾತ್ರದಲ್ಲಿದ್ದ ಮಗ ಚಾರ್ಲ್ಸ್‌ನ ತೋಳಿನ ಮೇಲೆಯೇ ಕುಸಿದ. ಮೇ 15ರಂದು ರಿಚ್‌ಮಂಡ್‌ನಲ್ಲಿ ತೀರಿಕೊಂಡ.

ಚರ್ಚೆಗೆ ಬರುವ ಮುನ್ನ ಲಿಯರ್ ನಾಟಕದ ಕೊನೆಯ ದೃಶ್ಯವನ್ನು, ಯಾವ ಕನ್ನಡ ಅನುವಾದವಾದರೂ ಸರಿ, ಒಮ್ಮೆ ಓದಿಕೊಂಡು ಬರಬೇಕಾಗಿ ಕೋರುತ್ತೇನೆ.