ಸಿಯಾಟಲ್‌ನಿಂದ ಅಪ್ಪನವರಿಗೆ: ಆದ್ಯಳ ಶಾಲೆಯ ವಿಚಾರ

ಸಿಯಾಟಲ್
ಜನವರಿ 2026

ತೀರ್ಥರೂಪರಾದ ಅಪ್ಪನವರಿಗೆ ಮಗಳು ಸುಮಾ ಮಾಡುವ ನಮಸ್ಕಾರಗಳು. ಉಭಯಕುಶಲೋಪರಿ.

ನಿಮ್ಮ ಪತ್ರ ತಲುಪಿತು. ಆದ್ಯಳನ್ನು ಸರ್ಕಾರಿ ಶಿಶುಶಾಲೆಗೆ ಸೇರಿಸಿದ್ದೇವೆಂದು ಮಂಜು ಹೇಳಿದ್ದಕ್ಕೂ, ಸುಬ್ಬಣ್ಣ ಚಿಕ್ಕಪ್ಪ ಟೀವಿಯಲ್ಲಿ ಕಂಡ ಅಮೆರಿಕದ ಉದ್ಯೋಗ ಕಡಿತದ ಸುದ್ದಿಗೂ ಗಂಟು ಹಾಕಿ, ಇವರ ಕೆಲಸ ಹೋಗಿದೆ, ನಾವು ಅದನ್ನು ನಿಮ್ಮಿಂದ ಮುಚ್ಚಿಟ್ಟಿದ್ದೇವೆ ಎಂಬ ತೀರ್ಮಾನಕ್ಕೆ ನೀವು ಬಂದಿದ್ದೀರಿ. ಹೊಳೆ ಪಕ್ಕದ ಗದ್ದೆಯನ್ನು ಮಾರಿ ಹಣ ಕಳಿಸಲೇ ಎಂದು ಕೇಳಿದ್ದೀರಿ. ಆದ್ದರಿಂದ ಮೊದಲಿಗೆ ಇದನ್ನೇ ಬರೆಯುತ್ತೇನೆ: ಇವರ ಕೆಲಸ ಇದೆ, ಸಂಬಳ ತಿಂಗಳು ತಿಂಗಳು ಬರುತ್ತಿದೆ, ನಮಗೆ ಯಾರ ಸಾಲವೂ ಇಲ್ಲ. ಗದ್ದೆಯನ್ನು ದಯವಿಟ್ಟು ಯಾವ ದಲ್ಲಾಳಿಗೂ ತೋರಿಸಬೇಡಿ.

ಆದ್ಯ ಹೋಗುತ್ತಿರುವುದು ಬಡವರಿಗೆಂದು ಬೇರೆಯಾಗಿ ತೆರೆದ ಶಾಲೆಯಲ್ಲ. ಅದು ಸಿಯಾಟಲ್ ಪ್ರೀಸ್ಕೂಲ್ ಪ್ರೋಗ್ರಾಂ ಎಂಬ ನಗರಾಡಳಿತದ ಯೋಜನೆ. ಈ ಊರಿನ ಜನ ಮತ ಹಾಕಿ, ತಮ್ಮ ಮೇಲೆ ತಾವೇ ತೆರಿಗೆ ಹೊರಿಸಿಕೊಂಡು ಕಟ್ಟಿಕೊಂಡದ್ದು. 2013ರಲ್ಲಿ ನಗರಸಭೆಯು, ಟಿಮ್ ಬರ್ಜೆಸ್ ಎಂಬ ಸದಸ್ಯರ ಮುಂದಾಳತ್ವದಲ್ಲಿ, ಮೂರು ಮತ್ತು ನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಒಳ್ಳೆಯ ಶಿಶುಶಿಕ್ಷಣ ಎಟುಕುವಂತೆ ಮಾಡಬೇಕೆಂದು ನಿರ್ಣಯ ಮಾಡಿತು. ಮಕ್ಕಳನ್ನು ಕಳಿಸಲೇಬೇಕೆಂಬ ಕಡ್ಡಾಯವೇನೂ ಇರಲಿಲ್ಲ. ಕೂಡಲೇ ಶಾಲೆ ತೆರೆಯಲಿಲ್ಲ. ಊರಿನಲ್ಲಿ ಇಂಥ ಮಕ್ಕಳೆಷ್ಟು, ಈಗ ಎಲ್ಲಿಗೆ ಹೋಗುತ್ತಿದ್ದಾರೆ, ಎಲ್ಲಿಗೂ ಹೋಗದವರು ಯಾರು ಎಂದು ಲೆಕ್ಕ ಹಾಕಿಸಿದರು. ಬೋಸ್ಟನ್, ಟಲ್ಸಾ ಮೊದಲಾದ ಊರುಗಳ ಅನುಭವವನ್ನು ಪರಿಶೀಲಿಸಿದರು. ಆಮೇಲೆ 2014ರ ನವೆಂಬರಿನಲ್ಲಿ ವಿಷಯವನ್ನು ಮತದಾರರ ಮುಂದಿಟ್ಟರು. ನಾಲ್ಕು ವರ್ಷಕ್ಕೆ 5.8 ಕೋಟಿ ಡಾಲರ್ ಆಸ್ತಿ ತೆರಿಗೆ, ಅಂದರೆ ಸಾಧಾರಣ ಮನೆಯೊಂದಕ್ಕೆ ವರ್ಷಕ್ಕೆ ಸುಮಾರು 43 ಡಾಲರ್.

ಇಲ್ಲಿನ ಚುನಾವಣೆಯೇ ಒಂದು ಸೋಜಿಗ. ಮತಗಟ್ಟೆಯ ಮುಂದೆ ಸಾಲಿಲ್ಲ, ಬೆರಳಿಗೆ ಶಾಯಿಯಿಲ್ಲ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ಜೊತೆಗೆ ಪ್ರತಿಯೊಂದು ಪ್ರಸ್ತಾವದ ಪರ ಮತ್ತು ವಿರೋಧದ ವಾದಗಳನ್ನು ಅಚ್ಚು ಹಾಕಿಸಿದ ಪುಸ್ತಿಕೆಯೂ ಬರುತ್ತದೆ. ಆ ವರ್ಷ ಶಿಶುಶಾಲೆಯ ಬಗ್ಗೆ ಎರಡು ಪ್ರಸ್ತಾವಗಳು ಒಂದಕ್ಕೊಂದು ಎದುರಾಗಿದ್ದವಂತೆ. ಒಂದು ನಗರಸಭೆಯದು, ಇನ್ನೊಂದು ಕಾರ್ಮಿಕ ಸಂಘಗಳದು. ಶಿಶುಪಾಲನೆಯ ಕೆಲಸಗಾರರ ಕೂಲಿಯನ್ನು ಬೇಗ ಏರಿಸಬೇಕು, ಮಕ್ಕಳ ಪಾಲನೆಯ ಖರ್ಚು ಯಾವ ಕುಟುಂಬಕ್ಕೂ ಆದಾಯದ ಶೇಕಡಾ 10ನ್ನು ಮೀರಬಾರದು ಎಂದು ಅದು ಕೇಳುತ್ತಿತ್ತು. ಬೇಡಿಕೆ ನ್ಯಾಯವಾದದ್ದೇ, ಆದರೆ ಹಣದ ಮೂಲವನ್ನು ಅದು ತೋರಿಸಿರಲಿಲ್ಲ. ಜನ ನಗರಸಭೆಯದನ್ನೇ ಆರಿಸಿದರು. ನಮ್ಮ ಪಂಚಾಯಿತಿಯಲ್ಲಿ ಕಂದಾಯ ಒಂದು ರೂಪಾಯಿ ಏರಿಸುತ್ತೇವೆಂದರೆ ಏನಾಗುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ! ಇಲ್ಲಿಯೋ, 2018ರಲ್ಲಿ ಶಿಶುಶಾಲೆಯ ಜೊತೆಗೆ ದೊಡ್ಡ ಮಕ್ಕಳ ಓದಿನ ಖರ್ಚನ್ನೂ ಸೇರಿಸಿ ಏಳು ವರ್ಷಕ್ಕೆ 61.9 ಕೋಟಿ ಡಾಲರ್ ಕೇಳಿದಾಗಲೂ ಒಪ್ಪಿದರು, ಮೊನ್ನೆ 2025ರ ನವೆಂಬರಿನಲ್ಲಿ ಆರು ವರ್ಷಕ್ಕೆ 130 ಕೋಟಿ ಡಾಲರಿಗೂ ಒಪ್ಪಿದರು. ನಮಗೆ ಮತದ ಹಕ್ಕಿಲ್ಲ. ಮನೆಯೊಡೆಯ ಕಟ್ಟುವ ತೆರಿಗೆಯ ಪಾಲು ಮಾತ್ರ ನಮ್ಮ ಬಾಡಿಗೆಯಲ್ಲಿ ಸೇರಿಯೇ ಇರುತ್ತದೆ. ಹಾಗಾಗಿ ಧರ್ಮಕ್ಕೆ ಓದಿಸುತ್ತಿದ್ದೇವೆಂದು ಚಿಕ್ಕಪ್ಪ ಹೇಳುವಂತಿಲ್ಲ.

ನಗರವು ತಾನೇ ಹೊಸ ಕಟ್ಟಡಗಳನ್ನು ಎಬ್ಬಿಸಲು ಹೋಗದೆ, ಮೊದಲೇ ನಡೆಯುತ್ತಿದ್ದ ಶಿಶುವಿಹಾರಗಳ ಜೊತೆ, ಸಾರ್ವಜನಿಕ ಶಾಲೆಗಳ ಜೊತೆ ಕರಾರು ಮಾಡಿಕೊಂಡಿತು. ತರಗತಿಗೆ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳಿರಕೂಡದು, ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಇರಬೇಕು, ತರಗತಿ ನಡೆಸುವ ಮುಖ್ಯ ಶಿಕ್ಷಕಿಗೆ ಪದವಿ ಇರಬೇಕು ಎಂಬವು ಷರತ್ತುಗಳು. 2015ರ ಶರತ್ಕಾಲದಲ್ಲಿ ಮೊದಲ ತರಗತಿಗಳು ಆರಂಭವಾದವು. ಪದವಿಯ ಷರತ್ತಿಗೆ ತಕರಾರೂ ಬಂತು: ವರ್ಷಗಟ್ಟಲೆ ಮಕ್ಕಳನ್ನು ನೋಡಿಕೊಂಡ, ಬೇರೆ ದೇಶಗಳಿಂದ ಬಂದು ಮನೆಯಲ್ಲೇ ಶಿಶುಪಾಲನೆ ನಡೆಸುವ ಹೆಂಗಸರು ಇದರಿಂದ ಹೊರಗುಳಿದಾರೆಂಬ ಆತಂಕ. ಓದಲು ಕಾಲಾವಕಾಶವನ್ನೂ ಹಣದ ನೆರವನ್ನೂ ಕೊಟ್ಟು ಅದಕ್ಕೆ ದಾರಿ ಮಾಡಿದರು. ಪದವಿ ಕೇಳಿದ ಮೇಲೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕೆಂದು ಯೋಜನೆಯಲ್ಲೇ ಬರೆದದ್ದು ನನಗೆ ಬಹಳ ಮೆಚ್ಚುಗೆಯಾಯಿತು. ನಮ್ಮೂರ ಅಂಗನವಾಡಿಯ ಶಾಂತಮ್ಮ ಟೀಚರಿಗೆ ಇಷ್ಟು ವರ್ಷ ದುಡಿದರೂ ಸಿಗುತ್ತಿರುವುದು ಸಂಬಳವಲ್ಲ, ಗೌರವಧನ. ಅದಕ್ಕಾಗಿ ಅವರು ಬೆಂಗಳೂರಿಗೆ ಹೋಗಿ ಧರಣಿ ಕೂತದ್ದು ನಿಮಗೂ ಗೊತ್ತು.

ನೀವು "ಅಂಗನವಾಡಿಗೆ ಹಾಕಿದ್ದೀಯಾ" ಎಂದು ನೊಂದು ಬರೆದದ್ದು ಮಾತ್ರ ನನಗೆ ಸರಿ ಕಾಣಲಿಲ್ಲ, ಅಪ್ಪ. ರಾಜ್ಯದಲ್ಲೇ ಮೊದಲ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ಆರಂಭವಾದದ್ದು ನಮ್ಮ ತಿ. ನರಸೀಪುರದಲ್ಲಿ, ನೂರು ಕೇಂದ್ರಗಳೊಂದಿಗೆ. ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದವರು ನೀವೇ. ನಾನೂ ಮಂಜುವೂ ಅಲ್ಲಿಯೇ ಉಪ್ಪಿಟ್ಟು ತಿಂದು ಅಕ್ಷರ ಕಲಿತೆವು. ಅನುಕೂಲಸ್ಥರು ಒಬ್ಬೊಬ್ಬರಾಗಿ ಮಕ್ಕಳನ್ನು ಕಾನ್ವೆಂಟಿಗೆ ಬಿಡಿಸಿಕೊಂಡು ಹೋದ ಮೇಲೆ ಅದು ಬಡವರದೆನ್ನಿಸಿಕೊಂಡಿತು, ಮತ್ತೆ ಅದರ ಸೋರುವ ಮಾಡಿನ ಬಗ್ಗೆ ಕೇಳುವವರೂ ಇಲ್ಲವಾದರು. ಇಲ್ಲಿ ಹಾಗಾಗಬಾರದೆಂದೇ ಎಲ್ಲ ಆದಾಯದವರ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಆರಂಭದಲ್ಲಿ ಬಡತನ ರೇಖೆಯ ಮೂರು ಪಟ್ಟಿನೊಳಗೆ ಆದಾಯವಿದ್ದವರಿಗೆ ಪೂರ್ಣ ಉಚಿತ ಎಂದು ಗೊತ್ತುಮಾಡಿದ್ದರು. ಅದರಾಚೆಗೆ ಆದಾಯ ಏರಿದಂತೆ ಶುಲ್ಕವೂ ಏರುತ್ತದೆ. ನಾವು ಉಚಿತದ ಪಟ್ಟಿಯಲ್ಲಿಲ್ಲ, ಶುಲ್ಕ ಕಟ್ಟುತ್ತಿದ್ದೇವೆ. ಇವರ ಸಂಬಳ ನಿಂತಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕಲಿಸುವ ಕ್ರಮ ನಿಮಗೆ ವಿಚಿತ್ರವೆನ್ನಿಸಬಹುದು. ಕಾಪಿ ಪುಸ್ತಕವಿಲ್ಲ, ಮಗ್ಗಿಯಿಲ್ಲ, ಹೋಂವರ್ಕ್ ಇಲ್ಲ. ಇವಳ ತರಗತಿಯಲ್ಲಿ ಹೈಸ್ಕೋಪ್ ಎಂಬ ಪಾಠಕ್ರಮವಿದೆ. 1962ರಲ್ಲಿ ಮಿಷಿಗನ್ನಿನ ಇಪ್ಸಿಲಾಂಟಿಯಲ್ಲಿ ಬಡ ಮಕ್ಕಳೊಂದಿಗೆ ಆರಂಭವಾದ ಪ್ರಯೋಗದಿಂದ ಬೆಳೆದದ್ದು. ಇಂದು ಏನು ಮಾಡುತ್ತೇನೆಂದು ಮಗು ತಾನೇ ಹೇಳಬೇಕು, ಅದನ್ನು ಮಾಡಬೇಕು, ಆಮೇಲೆ ಏನು ಮಾಡಿದೆನೆಂದು ಎಲ್ಲರ ಮುಂದೆ ವಿವರಿಸಬೇಕು. ಮಳೆ ಬಂದರೂ ಬೂಟು ಹಾಕಿಸಿ ಹೊರಗೆ ಆಡಲು ಬಿಡುತ್ತಾರೆ. ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ, ಅದು ಮಾತ್ರ ನನಗಿನ್ನೂ ಒಗ್ಗಿಲ್ಲ. ಊರಿನ ಕೆಲವು ತರಗತಿಗಳಲ್ಲಿ ಇಂಗ್ಲಿಷಿನ ಜೊತೆ ಸ್ಪ್ಯಾನಿಷ್ ಭಾಷೆಯಲ್ಲೂ ಕಲಿಸುತ್ತಾರೆ. ಕನ್ನಡಕ್ಕೆ ನಮ್ಮ ಸಂಘದ ವಾರಾಂತ್ಯದ ತರಗತಿಯೇ ಗತಿ. ಅದಕ್ಕೂ ಕರೆದೊಯ್ಯುತ್ತಿದ್ದೇನೆ, ಅಮ್ಮನಿಗೆ ಹೇಳಿ.

ಕೊರತೆ ಇಲ್ಲವೆಂದಲ್ಲ. ಅರ್ಜಿ ಹಾಕಿದವರಿಗೆಲ್ಲ ಬೇಕಾದ ಕಡೆಯೇ ಜಾಗ ಸಿಗುವುದಿಲ್ಲ, ಬೇಸಿಗೆಯಲ್ಲಿ ತರಗತಿಯಿಲ್ಲದೆ ಮಗುವನ್ನು ಎಲ್ಲಿ ಬಿಡುವುದೆಂಬ ಚಿಂತೆ ಈಗಲೇ ಹತ್ತಿದೆ. ಆದರೆ ಅದು ಗದ್ದೆ ಮಾರುವಂಥ ಚಿಂತೆಯಲ್ಲ. ಇವರು ಭಾನುವಾರ ನಿಮಗೆ ಫೋನ್ ಮಾಡಿ ತಾವೇ ಹೇಳುತ್ತಾರೆ, ಬೇಕಿದ್ದರೆ ಸಂಬಳದ ಚೀಟಿಯನ್ನೂ ಮಂಜುವಿನ ಮೊಬೈಲಿಗೆ ಕಳಿಸುತ್ತೇವೆ. ದುಡ್ಡಿಗೆ ಏನೂ ತೊಂದರೆಯಿಲ್ಲ, ನಿಜವಾಗಿಯೂ ಇಲ್ಲ.

ಆದ್ಯಳನ್ನು ಕರೆತರುವ ಹೊತ್ತಾಯಿತು, ಬಸ್ಸು ತಪ್ಪಿದರೆ ಕಷ್ಟ. ಅಜ್ಜಿಗೆ ನಮಸ್ಕಾರ ತಿಳಿಸಿ. ಚಿಕ್ಕಪ್ಪನವರಿಗೆ ಈ ಪತ್ರವನ್ನು ಓದಿ ಹೇಳಿ.

ಇತಿ ನಿಮ್ಮ ಮಗಳು,
ಸುಮಾ